ಸ್ಟೋರೇಜ್ ಕೈತಪ್ಪಿದ ಮೇಲೆ ಡೇಟಾಬೇಸ್ ಖಾಲಿ ಕಾಣಿಸುತ್ತಿದೆ: ಹಂಗಾಮಿನ ತೂಕದ ಲೆಕ್ಕ ಉಳಿಸಿಕೊಳ್ಳುವುದು ಹೇಗೆ?

ಗಂಗಾವತಿ_ಗಿರಣಿ_ಲೆಕ್ಕ · ಸಂಜೆ 5:40

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ಅಕ್ಕಿ ಗಿರಣಿಯ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಮುಂಗಾರಿನ ಸೋನಾ ಮಸೂರಿ ಬರುವ ಕಾಲವಿದು. ಕಾರಟಗಿ, ಶ್ರೀರಾಮನಗರ, ಸಿಂಧನೂರಿನ ಕಡೆಯಿಂದ ಬಂದ ಲಾರಿ, ಟ್ರ್ಯಾಕ್ಟರುಗಳು ಬೆಳಗಿನಿಂದ ರಾತ್ರಿಯವರೆಗೆ ಕಾಟಾದ (ವಾಹನ ತೂಗುವ ಯಂತ್ರದ) ಮುಂದೆ ಸಾಲುಗಟ್ಟಿರುತ್ತವೆ. ಪ್ರತಿ ವಾಹನದ ತೂಕವೂ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ಪೋಸ್ಟ್‌ಗ್ರೆಸ್ ಡಾಕರ್ ಕಂಟೇನರಿನೊಳಗೆ, ಅಂದರೆ ಸರ್ವರಿನಲ್ಲಿಯೇ ಪ್ರತ್ಯೇಕಿಸಿದ ಒಂದು ಆವರಣದೊಳಗೆ, ಓಡುತ್ತದೆ, ಆದರೆ ಅದರ ದತ್ತಾಂಶ ಸರ್ವರಿನ ಡಿಸ್ಕಿನಲ್ಲಿಲ್ಲ. ಪಕ್ಕದ ಕೋಣೆಯಲ್ಲಿ ನಾಸ್ ಎಂಬ, ಜಾಲದ ಮೂಲಕ ಬಳಸುವ ಡಿಸ್ಕಿನ ಪೆಟ್ಟಿಗೆಯಲ್ಲಿದ್ದು, ಎನ್‌ಎಫ್‌ಎಸ್ ಎಂಬ ಕಡತ ಹಂಚಿಕೆಯ ವ್ಯವಸ್ಥೆಯ ಮೂಲಕ ಸರ್ವರಿಗೆ ಜೋಡಿಸಲ್ಪಟ್ಟಿದೆ. ಸರ್ವರ್ ಮತ್ತು ನಾಸ್ ನಡುವೆ ಅವೆರಡಕ್ಕೆ ಮಾತ್ರ ಮೀಸಲಾದ ಒಂದು ಸ್ವಿಚ್ ಇದೆ. ಕಚೇರಿಯ ಹಾಗೂ ಕಾಟಾದ ಕಂಪ್ಯೂಟರುಗಳು ಬೇರೆ ಸ್ವಿಚ್ಚಿನಲ್ಲಿವೆ.

ಇವತ್ತು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಕರೆಂಟು ಎರಡು ಮೂರು ಬಾರಿ ಬಂದು ಹೋಗಿ ಆಯಿತು. ಕಾಟಾದ ಪರದೆ ಅಲ್ಲಿಯೇ ನಿಂತಿತು. ಸರ್ವರಿಗೆ ಲಾಗಿನ್ ಆಗಲು ಸಾಧ್ಯವಾಯಿತಾದರೂ ಡಿಸ್ಕಿನ ಜಾಗ ನೋಡುವ ಆದೇಶ ಕೊಟ್ಟರೆ ಅದು ಮರಳಿ ಬರಲೇ ಇಲ್ಲ, ಪೋಸ್ಟ್‌ಗ್ರೆಸ್ಸನ್ನು ನಿಲ್ಲಿಸಲು ಹೋದರೆ ನಿಲ್ಲಲಿಲ್ಲ, ಲೋಡ್ ಸರಾಸರಿ ಅರವತ್ತನ್ನು ದಾಟಿತ್ತು. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಪವರ್ ಗುಂಡಿಯನ್ನು ಒತ್ತಿ ಹಿಡಿದು ಸರ್ವರನ್ನು ಆರಿಸಿ ಮತ್ತೆ ಹಚ್ಚಿದೆ.

ಸರ್ವರ್ ಎದ್ದಿತು, ಆ್ಯಪ್ ಕೂಡ ತೆರೆಯಿತು. ಆದರೆ ರೈತರ ಪಟ್ಟಿ ಖಾಲಿ, ದಲಾಲಿ ಅಂಗಡಿಗಳ ಪಟ್ಟಿ ಖಾಲಿ. ಕಾಟಾದ ಹುಡುಗ ಮುಂದೆ ನಿಂತಿದ್ದ ಲಾರಿಯನ್ನು ಹೊಸದಾಗಿ ನಮೂದಿಸಿ ತೂಗಿ ಚೀಟಿ ಮುದ್ರಿಸಿಬಿಟ್ಟ. ಈ ಹಂಗಾಮಿನಲ್ಲಿ ನಮ್ಮ ಚೀಟಿ ಸಂಖ್ಯೆ ಹದಿನೆಂಟು ಸಾವಿರವನ್ನು ದಾಟಿತ್ತು. ಇವತ್ತು ಆ ಚೀಟಿಯ ಮೇಲೆ "ಕ್ರಮ ಸಂಖ್ಯೆ 1" ಎಂದು ಬಂತು. ಅವನು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಾಗ ನನ್ನ ಕೈಕಾಲು ತಣ್ಣಗಾದವು.

ನಾಸ್‌ನ ದೀಪಗಳು ಸರಿಯಾಗಿಯೇ ಇದ್ದವು. ನಡುವಿನ ಸ್ವಿಚ್ ಸುಟ್ಟಿತ್ತು. ಪೇಟೆಯಿಂದ ಎಂಟು ಪೋರ್ಟಿನ ಒಂದು ಸಾದಾ ಸ್ವಿಚ್ ತರಿಸಿ ಹಾಕಿ, ಎನ್‌ಎಫ್‌ಎಸ್ಸನ್ನು ಕೈಯಿಂದಲೇ ಮೌಂಟ್ ಮಾಡಿದೆ, ಅಂದರೆ ಸರ್ವರಿನ ಡೈರೆಕ್ಟರಿಗೆ ಜೋಡಿಸಿದೆ. ಮೌಂಟ್ ಆಯಿತು. ಪಟ್ಟಿ ಮಾಡಿ ನೋಡಿದರೆ ಹಳೆಯ ಕಡತಗಳೆಲ್ಲ ಕಾಣುತ್ತವೆ. ಆದರೂ ಆ್ಯಪ್ ಇನ್ನೂ ಖಾಲಿಯಾಗಿಯೇ ಇದೆ. ಮುಂಜಾಗ್ರತೆಗೆ ಆ ಕಡತಗಳನ್ನು ಬೇರೆಡೆಗೆ ನಕಲು ಮಾಡಲು ಹೋದರೆ ನಕಲು ಮೊದಲ ಕಡತದಲ್ಲಿಯೇ ನಿಂತುಬಿಡುತ್ತದೆ. ಕಾಟಾ ಮಾತ್ರ ನಡೆಯುತ್ತಲೇ ಇದೆ, ಚೀಟಿ ಸಂಖ್ಯೆ ನಲವತ್ತರ ಹತ್ತಿರ ಬಂದಿದೆ. ಹಂಗಾಮಿನ ಲೆಕ್ಕವೆಲ್ಲ ಅಳಿಸಿಹೋಗಿದೆಯೇ? ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಬಳ್ಳಾರಿ_ಜೀನ್ಸ್_ಐಟಿ · ಸಂಜೆ 5:52

ಸರ್, ಗಾಬರಿಯಾಗಬೇಡಿ. ಹಳೆಯ ಡೇಟಾ ಡೈರೆಕ್ಟರಿಯಲ್ಲಿ ಪೋಸ್ಟ್‌ಮಾಸ್ಟರ್ ಪಿಐಡಿ ಎಂಬ ಕಡತ ಉಳಿದಿರುತ್ತದೆ, ಅದನ್ನು ಅಳಿಸಿ ಕಂಟೇನರನ್ನು ಮತ್ತೆ ಎಬ್ಬಿಸಿ ನೋಡಿ. ಅದಕ್ಕೂ ಏಳದಿದ್ದರೆ ಪಿಜಿ ರೀಸೆಟ್‌ವಾಲ್ ಓಡಿಸಬಹುದು. ಮುಂದೆ ಹೀಗಾಗದಿರಲು ಎನ್‌ಎಫ್‌ಎಸ್ಸನ್ನು ಸಾಫ್ಟ್ ಆಯ್ಕೆಯಲ್ಲಿ ಮೌಂಟ್ ಮಾಡಿ. ಆಗ ಸ್ಟೋರೇಜ್ ಹೋದರೂ ಸರ್ವರ್ ಜೋತುಬೀಳುವುದಿಲ್ಲ, ದೋಷವನ್ನು ತೋರಿಸಿ ಮುಂದೆ ಹೋಗುತ್ತದೆ.

ರಾಯಚೂರು_ಡಿಬಿಎ · ಸಂಜೆ 5:58

ಗಂಗಾವತಿಯ ಸರ್, ದಯವಿಟ್ಟು ಮೇಲಿನ ಯಾವುದನ್ನೂ ಈಗ ಮಾಡಬೇಡಿ. ಏನನ್ನೂ ಅಳಿಸಬೇಡಿ, ಸರ್ವರನ್ನು ಮತ್ತೊಮ್ಮೆ ಆರಿಸಬೇಡಿ. ಹೊಸ ಇಮೇಜನ್ನೂ (ಕಂಟೇನರ್ ಕಟ್ಟುವ ಸಿದ್ಧ ಪ್ಯಾಕೇಜನ್ನೂ) ಎಳೆಯಬೇಡಿ. ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಬದಲಾದರೆ ಹಳೆಯ ಡೈರೆಕ್ಟರಿಯನ್ನು ಅದು ತೆರೆಯುವುದೇ ಇಲ್ಲ. ನೀವು ಬರೆದಿರುವುದನ್ನು ಎರಡು ಸಲ ಓದಿದೆ. ನಿಮ್ಮ ಹದಿನೆಂಟು ಸಾವಿರ ಚೀಟಿಗಳು ನಾಸ್‌ನಲ್ಲಿ ಇದ್ದಲ್ಲಿಯೇ ಇವೆ ಎಂಬುದು ನನ್ನ ಬಲವಾದ ಅಭಿಪ್ರಾಯ.

ಈಗ ನಿಮ್ಮಲ್ಲಿ ಎರಡು ಡೇಟಾಬೇಸುಗಳಿವೆ. ಸರ್ವರ್ ಮತ್ತೆ ಎದ್ದಾಗ ನಡುವಿನ ಸ್ವಿಚ್ ಸತ್ತಿತ್ತು, ಆದ್ದರಿಂದ ಎನ್‌ಎಫ್‌ಎಸ್ ಮೌಂಟ್ ಆಗಲಿಲ್ಲ. ಸರ್ವರ್ ಏಳುವಾಗ ಏನೇನು ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದ ನಿಮ್ಮ ಸಾಲಿನಲ್ಲಿ ನೋಫೇಲ್ ಎಂಬ ಆಯ್ಕೆ ಇರಬೇಕು, ಹಾಗಾಗಿ ಸರ್ವರ್ ಅದಕ್ಕಾಗಿ ಕಾಯದೆ ಮುಂದೆ ಹೋಯಿತು. ಮೌಂಟ್ ಆಗದಿದ್ದಾಗ ಆ ಜಾಗದಲ್ಲಿ ಉಳಿಯುವುದು ಸರ್ವರಿನದೇ ಡಿಸ್ಕಿನ ಒಂದು ಖಾಲಿ ಡೈರೆಕ್ಟರಿ. ಪೋಸ್ಟ್‌ಗ್ರೆಸ್‌ನ ಡಾಕರ್ ಇಮೇಜು ಡೇಟಾ ಡೈರೆಕ್ಟರಿ ಖಾಲಿಯಿದ್ದರೆ ಅದನ್ನು ಹೊಸ ಸ್ಥಾಪನೆ ಎಂದು ತಿಳಿದು ತಾನಾಗಿಯೇ ಹೊಸ ಡೇಟಾಬೇಸನ್ನು ಸೃಷ್ಟಿಸುತ್ತದೆ. ನಿಮ್ಮ ಆ್ಯಪ್ ಆರಂಭವಾಗುವಾಗ ಕೋಷ್ಟಕಗಳು ಇಲ್ಲದಿದ್ದರೆ ತಾನೇ ರಚಿಸಿಕೊಳ್ಳುವಂಥದ್ದು. ಇವೆರಡೂ ಸೇರಿ, ಯಾರಿಗೂ ಒಂದು ದೋಷದ ಸಂದೇಶವೂ ಕಾಣದಂತೆ, ನಿಮಗೊಂದು ಹೊಚ್ಚಹೊಸ ಡೇಟಾಬೇಸ್ ಸಿದ್ಧವಾಯಿತು. ಚೀಟಿಯ ಮೇಲೆ 1 ಬಂದದ್ದು ಅದಕ್ಕೇ.

ಆಮೇಲೆ ನೀವು ಕೈಯಿಂದ ಮೌಂಟ್ ಮಾಡಿದಾಗ ನಾಸ್‌ನ ಡೈರೆಕ್ಟರಿ ಆ ಸ್ಥಳೀಯ ಡೈರೆಕ್ಟರಿಯ ಮೇಲೆ ಹೊದಿಕೆಯಂತೆ ಕುಳಿತಿತು. ನಿಮ್ಮ ಕಣ್ಣಿಗೆ ಕಾಣುವುದು ಮೇಲಿನದು. ಕಂಟೇನರ್ ಮಾತ್ರ ಮೌಂಟ್‌ಗೆ ಮೊದಲೇ ಎದ್ದದ್ದರಿಂದ ಇನ್ನೂ ಕೆಳಗಿನದನ್ನೇ ಹಿಡಿದುಕೊಂಡಿದೆ. ಹೋಸ್ಟಿನಲ್ಲಿ, ಅಂದರೆ ಸರ್ವರಿನಲ್ಲಿ, ನಂತರ ಆದ ಮೌಂಟ್ ಸಾಮಾನ್ಯ ಸಂರಚನೆಯಲ್ಲಿ ಕಂಟೇನರಿನೊಳಗೆ ಕಾಣುವುದಿಲ್ಲ. ಕಡತಗಳು ಕಾಣುತ್ತವೆ, ಆ್ಯಪ್ ಖಾಲಿ ಎಂಬ ನಿಮ್ಮ ಗೊಂದಲಕ್ಕೆ ಉತ್ತರ ಇದು. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯಲ್ಲಿಯೇ ಈ ಅಪಾಯವನ್ನು ಬರೆದಿದ್ದಾರೆ, ಮೌಂಟ್ ಪಾಯಿಂಟನ್ನೇ ಡೇಟಾ ಡೈರೆಕ್ಟರಿಯಾಗಿ ಬಳಸಬಾರದು, ಅದರೊಳಗೆ ಇನ್ನೊಂದು ಡೈರೆಕ್ಟರಿ ಮಾಡಿಕೊಳ್ಳಬೇಕು ಎಂದು.

ಈ ಕ್ಷಣದಲ್ಲಿ ಮಾಡಬೇಕಾದ ಮೊದಲ ಕೆಲಸ ಕಾಟಾವನ್ನು ಕಂಪ್ಯೂಟರಿನಿಂದ ಬಿಡಿಸುವುದು. ಕಾಟಾದ ಡಿಸ್‌ಪ್ಲೇಯಲ್ಲಿ ತೂಕ ಕಾಣುತ್ತದೆಯಲ್ಲ, ಅದನ್ನು ಎರಡು ಪ್ರತಿಯ ಪುಸ್ತಕದಲ್ಲಿ ಲಾರಿ ಸಂಖ್ಯೆ, ಸಮಯ, ರೈತರ ಹೆಸರು, ಊರು, ಮೊಬೈಲ್ ಸಮೇತ ಕೈಯಲ್ಲಿ ಬರೆಯಲಿ. ಆಮೇಲೆ ಆ್ಯಪ್ ಮತ್ತು ಡೇಟಾಬೇಸ್ ಎರಡೂ ಕಂಟೇನರುಗಳನ್ನು ನಿಲ್ಲಿಸಿ, ಅವು ತಾವಾಗಿಯೇ ಮತ್ತೆ ಏಳುವ ಆಯ್ಕೆಯನ್ನು ತೆಗೆದುಹಾಕಿ. ನಿಲ್ಲಿಸಿ ಎಂದೆ, ಅಳಿಸಿ ಎನ್ನಲಿಲ್ಲ. ಇಷ್ಟು ಮಾಡಿ ಇಲ್ಲಿ ಬರೆಯಿರಿ. ನಾಸ್ ಯುಪಿಎಸ್ ಮೇಲೆ ಇತ್ತೇ, ಅದು ನಡುವೆ ಆರಿತ್ತೇ ಎಂಬುದನ್ನೂ ತಿಳಿಸಿ.

ಬಳ್ಳಾರಿ_ಜೀನ್ಸ್_ಐಟಿ · ಸಂಜೆ 6:05

ಮೇಡಂ, ಪಿಐಡಿ ಕಡತವನ್ನು ಅಳಿಸಿ ನಾನು ಹಲವು ಸಲ ಸರ್ವರ್ ಎಬ್ಬಿಸಿದ್ದೇನೆ. ಅದರಲ್ಲಿ ಅಂಥ ಅಪಾಯ ಏನಿದೆ ಎಂದು ದಯವಿಟ್ಟು ವಿವರಿಸಿದರೆ ನನಗೂ ಉಪಯೋಗವಾಗುತ್ತದೆ.

ರಾಯಚೂರು_ಡಿಬಿಎ · ಸಂಜೆ 6:21

ಖಂಡಿತ. ಒಂದೇ ಡೇಟಾ ಡೈರೆಕ್ಟರಿಯ ಮೇಲೆ ಎರಡು ಪೋಸ್ಟ್‌ಗ್ರೆಸ್‌ಗಳು ಒಟ್ಟಿಗೆ ಬರೆಯದಂತೆ ತಡೆಯುವ ಬೀಗಗಳಲ್ಲಿ ಆ ಕಡತವೂ ಒಂದು. ಸ್ಟೋರೇಜ್ ಕೈತಪ್ಪಿದ ಸನ್ನಿವೇಶದಲ್ಲಿ ಹಳೆಯ ಪ್ರಕ್ರಿಯೆ ಸತ್ತಿದೆ ಎಂದು ನಾವು ತಿಳಿಯುತ್ತೇವೆ, ಆದರೆ ಅದು ಕರ್ನಲ್ಲಿನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಬರಹ ಮುಗಿಯುವುದನ್ನೇ ಕಾಯುತ್ತ 'ಡಿ' ಸ್ಥಿತಿಯಲ್ಲಿ ಕುಳಿತಿರುತ್ತದೆ. ಲಿನಕ್ಸ್‌ನಲ್ಲಿ ಹೀಗೆ ಕಾಯುವ ಪ್ರಕ್ರಿಯೆಗಳೂ ಲೋಡ್ ಸರಾಸರಿಯಲ್ಲಿ ಎಣಿಕೆಯಾಗುತ್ತವೆ. ಪ್ರೊಸೆಸರ್ ಸುಮ್ಮನಿದ್ದರೂ ಸರ್ ಅವರಿಗೆ ಅರವತ್ತು ಕಂಡದ್ದು ಅದರಿಂದಲೇ. ನೀವು ಪಿಐಡಿ ಅಳಿಸಿ ಹೊಸದನ್ನು ಎಬ್ಬಿಸಿದ ಐದು ನಿಮಿಷಕ್ಕೆ ಸ್ಟೋರೇಜ್ ಮರಳಿದರೆ ಹಳೆಯದೂ ಎಚ್ಚೆತ್ತು ತನ್ನ ಬರಹವನ್ನು ಮುಗಿಸುತ್ತದೆ. ಎರಡು ಕೈಗಳು ಒಂದೇ ಪುಟದ ಮೇಲೆ ಬರೆದಂತೆ ಆಗುತ್ತದೆ, ಅದನ್ನು ಸರಿಪಡಿಸುವ ಉಪಕರಣ ಯಾರ ಬಳಿಯೂ ಇಲ್ಲ. ಹಳೆಯ ಪ್ರಕ್ರಿಯೆ ನಿಜವಾಗಿಯೂ ಸತ್ತಿದ್ದರೆ ಪೋಸ್ಟ್‌ಗ್ರೆಸ್ ತಾನೇ ಅದನ್ನು ಗುರುತಿಸಿ ಹಳೆಯ ಪಿಐಡಿ ಕಡತವನ್ನು ಬದಿಗಿಡುತ್ತದೆ. ನಾವು ಕೈ ಹಾಕುವ ಅಗತ್ಯ ಬಹಳ ಅಪರೂಪ.

ರೀಸೆಟ್‌ವಾಲ್ ವಿಷಯ ಇನ್ನೂ ಗಂಭೀರ. ಅಪಘಾತವಾದಾಗ ಪೂರ್ಣಗೊಂಡ ವ್ಯವಹಾರಗಳನ್ನು ಮರಳಿ ಕಟ್ಟಿಕೊಡುವುದೇ ವಾಲ್ ದಾಖಲೆ. ಆ ದಾಖಲೆಯನ್ನು ಎಸೆದು ಡೇಟಾಬೇಸನ್ನು ಬಲವಂತವಾಗಿ ತೆರೆಯುವುದು ರೀಸೆಟ್‌ವಾಲ್. ಅದು ತೆರೆಯುತ್ತದೆ, ಆದರೆ ಅರ್ಧ ಬರೆದ ಪುಟಗಳು ಅರ್ಧವಾಗಿಯೇ ಉಳಿಯುತ್ತವೆ. ಡೈರೆಕ್ಟರಿಯ ಪೂರ್ಣ ನಕಲು ಕೈಯಲ್ಲಿದ್ದು, ಉಳಿದೆಲ್ಲ ದಾರಿಗಳೂ ಮುಚ್ಚಿದ ಮೇಲೆ, ಸಿಕ್ಕಷ್ಟನ್ನು ಹೊರತೆಗೆಯಲು ಮಾತ್ರ ಅದನ್ನು ಬಳಸಬೇಕು.

ಸಾಫ್ಟ್ ಮೌಂಟ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಈ ಸಲಹೆ ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಹಾರ್ಡ್ ಮೌಂಟ್‌ನಲ್ಲಿ ಸ್ಟೋರೇಜ್ ಮರಳುವವರೆಗೆ ಬರಹ ಕಾಯುತ್ತದೆ. ಸಾಫ್ಟ್‌ನಲ್ಲಿ ಸ್ವಲ್ಪ ಹೊತ್ತಿನ ನಂತರ ದೋಷ ಮರಳುತ್ತದೆ, ಪೋಸ್ಟ್‌ಗ್ರೆಸ್ ಆ ಬರಹವನ್ನು ಮತ್ತೆ ಪ್ರಯತ್ನಿಸುವುದಿಲ್ಲ. 2018ರಲ್ಲಿ ಇದಕ್ಕೆ ಹತ್ತಿರದ ಒಂದು ದೊಡ್ಡ ಚರ್ಚೆ ನಡೆಯಿತು: ಬರಹವನ್ನು ಡಿಸ್ಕಿಗೆ ತಲುಪಿಸಲು ಕೇಳುವ ಎಫ್‌ಸಿಂಕ್ ಕರೆ ಒಮ್ಮೆ ವಿಫಲವಾದರೆ ಲಿನಕ್ಸ್ ಕರ್ನಲ್ ಆ ಪುಟಗಳನ್ನು ಬರೆದಾಯಿತೆಂದೇ ಗುರುತು ಹಾಕಬಹುದು, ಎರಡನೆಯ ಸಲ ಎಫ್‌ಸಿಂಕ್ ಕರೆದರೆ ಯಶಸ್ಸೆಂದು ಉತ್ತರ ಬರುತ್ತದೆ, ಡಿಸ್ಕಿನಲ್ಲಿ ಮಾತ್ರ ಏನೂ ಇರುವುದಿಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಆದ್ದರಿಂದ 2019ರ ಫೆಬ್ರವರಿಯಲ್ಲಿ ಬಂದ 11.2 ಮತ್ತು ಅದೇ ಹೊತ್ತಿನ ಹಳೆಯ ಶಾಖೆಗಳ ಆವೃತ್ತಿಗಳಿಂದ, ಎಫ್‌ಸಿಂಕ್ ವಿಫಲವಾದ ಕೂಡಲೇ ಪೋಸ್ಟ್‌ಗ್ರೆಸ್ ತನ್ನನ್ನು ತಾನೇ ನಿಲ್ಲಿಸಿಕೊಂಡು ವಾಲ್‌ನಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ಎನ್‌ಎಫ್‌ಎಸ್ ಬಳಸುವವರಿಗೆ ಕೈಪಿಡಿ ಇಡುವ ಒಂದೇ ಕಟ್ಟುನಿಟ್ಟಾದ ಷರತ್ತು ಹಾರ್ಡ್ ಮೌಂಟ್. ಜೋತುಬೀಳುವುದು ತೊಂದರೆಯೇ ಸರಿ, ಆದರೆ ಜೋತುಬಿದ್ದ ಡೇಟಾಬೇಸಿನಲ್ಲಿ ಲೆಕ್ಕ ಕೆಡುವುದಿಲ್ಲ.

ಗಂಗಾವತಿ_ಗಿರಣಿ_ಲೆಕ್ಕ · ಸಂಜೆ 6:40

ಮೇಡಂ, ನಿಮ್ಮ ಮಾತು ಓದಿ ಜೀವಕ್ಕೆ ಸಮಾಧಾನವಾಯಿತು. ಕಾಟಾವನ್ನು ಪುಸ್ತಕಕ್ಕೆ ಬದಲಿಸಿದ್ದೇವೆ, ಕಂಟೇನರುಗಳನ್ನು ನಿಲ್ಲಿಸಿದ್ದೇನೆ. ಕೊನೆಯ ಮುದ್ರಿತ ಚೀಟಿಯ ಸಂಖ್ಯೆ 41. ನೋಫೇಲ್ ಇರುವುದು ನಿಜ. ನಾಸ್ ಯುಪಿಎಸ್ ಮೇಲೆಯೇ ಇದೆ, ಅದು ಆರಲೇ ಇಲ್ಲ. ನಡುವಿನ ಸ್ವಿಚ್ಚಿನ ಅಡಾಪ್ಟರನ್ನು ಮಾತ್ರ ಯಾರೋ ಗೋಡೆಯ ಸಾದಾ ಪ್ಲಗ್ಗಿಗೆ ಸಿಕ್ಕಿಸಿದ್ದರು. ಯುಪಿಎಸ್‌ನಲ್ಲಿ ಜಾಗ ಇರಲಿಲ್ಲವೆಂದು ಕಾಣುತ್ತದೆ.

ನಕಲು ಮಾಡುವುದು ಈಗಲೂ ನಿಲ್ಲುತ್ತಿದೆ. ಸರ್ವರಿನಿಂದ ನಾಸ್‌ಗೆ ಪಿಂಗ್ ಚೆನ್ನಾಗಿಯೇ ಹೋಗುತ್ತಿದೆ, ಒಂದೂ ತಪ್ಪುತ್ತಿಲ್ಲ.

ಸಿಂಧನೂರು_ಜಾಲ · ಸಂಜೆ 6:52

ಅಣ್ಣಾ, ನಾನು ನೆಟ್‌ವರ್ಕ್ ಕೆಲಸ ಮಾಡುವವನು, ಡೇಟಾಬೇಸ್ ವಿಷಯ ನನಗೆ ಅಷ್ಟಾಗಿ ತಿಳಿಯದು. ಆದರೆ ಪಿಂಗ್ ಹೋಗುತ್ತದೆ, ಪಟ್ಟಿ ಬರುತ್ತದೆ, ದೊಡ್ಡ ಕಡತ ಬರುವುದಿಲ್ಲ ಎಂದರೆ ನನ್ನ ಅನುಮಾನವೆಲ್ಲ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ಮೇಲೆ. ಸರ್ವರ್ ಮತ್ತು ನಾಸ್ ಎರಡರಲ್ಲೂ ಜಂಬೊ ಫ್ರೇಮ್, ಅಂದರೆ 9000 ಬೈಟಿನ ಎಂಟಿಯು ಹಾಕಿರಬಹುದು. ಸುಟ್ಟುಹೋದ ಸ್ವಿಚ್ ಅದನ್ನು ಹೊರುತ್ತಿತ್ತು, ಪೇಟೆಯಿಂದ ತಂದ ಸಾದಾ ಸ್ವಿಚ್ ಹೊರುವುದಿಲ್ಲ. ಸ್ವಿಚ್ಚು ತನ್ನಿಂದಾಗದ ಫ್ರೇಮನ್ನು ಯಾರಿಗೂ ತಿಳಿಸದೆ ಬಿಸಾಡುತ್ತದೆ. ರೌಟರಿನಂತೆ ದೊಡ್ಡದಾಯಿತು ಎಂದು ಸುದ್ದಿ ಕಳಿಸುವುದಿಲ್ಲ. ಪಿಂಗ್‌ನ ಪ್ಯಾಕೆಟ್ಟು ನೂರು ಬೈಟಿಗೂ ಚಿಕ್ಕದು, ಮೌಂಟ್ ಮಾಡುವಾಗಿನ ಮಾತುಕತೆಯೂ ಚಿಕ್ಕದು, ಆದ್ದರಿಂದ ಅವು ದಾಟಿಬಿಡುತ್ತವೆ.

ಪರೀಕ್ಷೆ ಸುಲಭ. ಪಿಂಗ್‌ಗೆ ಪ್ಯಾಕೆಟನ್ನು ತುಂಡರಿಸಬೇಡ ಎನ್ನುವ ಆಯ್ಕೆ ಕೊಟ್ಟು 8972 ಬೈಟಿನ ಗಾತ್ರ ಹಾಕಿ ಕಳಿಸಿ. ಶೀರ್ಷಿಕೆಗಳ 28 ಬೈಟ್ ಸೇರಿದರೆ 9000 ಆಗುತ್ತದೆ. ಆಮೇಲೆ ಅದನ್ನೇ 1472 ಹಾಕಿ ಕಳಿಸಿ. ಮೊದಲನೆಯದು ನಿಂತು ಎರಡನೆಯದು ಹೋದರೆ ಕಾರಣ ಸಿಕ್ಕಿತು. ಇಬ್ಬದಿಯಲ್ಲೂ ಎಂಟಿಯುವನ್ನು 1500ಕ್ಕೆ ಇಳಿಸಿ. ಒಂದೇ ಬದಿಯಲ್ಲಿ ಇಳಿಸಿ ಸುಮ್ಮನಾಗಬೇಡಿ.

ಗಂಗಾವತಿ_ಗಿರಣಿ_ಲೆಕ್ಕ · ಸಂಜೆ 7:15

ತಮ್ಮಾ, ನೀನು ಹೇಳಿದಂತೆಯೇ ಆಯಿತು. 8972ಕ್ಕೆ ಒಂದೂ ಉತ್ತರ ಬರಲಿಲ್ಲ, 1472 ಸರಾಗವಾಗಿ ಹೋಯಿತು. ಎರಡೂ ಕಡೆ 1500 ಮಾಡಿದ ಮೇಲೆ ನಿಂತಿದ್ದ ನಕಲು ತಾನಾಗಿಯೇ ಮುಂದೆ ಸಾಗಿತು. ಮೇಡಂ, ಇನ್ನು ಮುಂದಿನ ಹೆಜ್ಜೆ ಹೇಳಿ.

ರಾಯಚೂರು_ಡಿಬಿಎ · ಸಂಜೆ 7:34

ಸಿಂಧನೂರಿನವರಿಗೆ ನನ್ನದೂ ಧನ್ಯವಾದ. ನಿಂತಿದ್ದ ನಕಲು ದೋಷವಿಲ್ಲದೆ ಮುಂದುವರಿದದ್ದನ್ನು ಬಳ್ಳಾರಿಯವರು ಗಮನಿಸಬೇಕು, ಹಾರ್ಡ್ ಮೌಂಟ್ ಇದ್ದುದರಿಂದ ಆದದ್ದು ಅದು.

ಸರ್, ಮೊದಲು ನಾಸ್‌ನಲ್ಲಿ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ, ಸೌಲಭ್ಯವಿದ್ದರೆ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಅದಿದ್ದರೂ ಡೇಟಾ ಡೈರೆಕ್ಟರಿಯ ಪೂರ್ಣ ನಕಲನ್ನು ಬೇರೆ ಡಿಸ್ಕಿಗೆ, ಮಾಲೀಕತ್ವ ಮತ್ತು ಅನುಮತಿಗಳು ಉಳಿಯುವಂತೆ, ಮಾಡಿಕೊಳ್ಳಿ. ಎಷ್ಟು ಹೊತ್ತಾದರೂ ಸರಿ, ಅದು ಮುಗಿಯುವ ಮೊದಲು ಏನನ್ನೂ ಎಬ್ಬಿಸಬೇಡಿ. ಆ ನಕಲಿನಲ್ಲಿ ಪಿಐಡಿ ಕಡತವೂ ವಾಲ್ ಡೈರೆಕ್ಟರಿಯೂ ಇರಲೇಬೇಕು.

ನಂತರ ಕೆಳಗೆ ಮುಚ್ಚಿಹೋಗಿರುವ ಚಿಕ್ಕ ಡೇಟಾಬೇಸನ್ನು ಹೊರತೆಗೆಯಬೇಕು. ಅನೇಕರು ಇಲ್ಲಿಯೇ ಎಡವುತ್ತಾರೆ. ಹಳೆಯ ಲೆಕ್ಕ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಮೌಂಟ್ ಮಾಡಿ ಕಂಟೇನರ್ ಎಬ್ಬಿಸುತ್ತಾರೆ, ನಡುವಿನ ಕೆಲವು ಗಂಟೆಗಳ ನಮೂದುಗಳು ಹೊದಿಕೆಯ ಕೆಳಗೆ ವರ್ಷಗಟ್ಟಲೆ ಉಳಿದುಬಿಡುತ್ತವೆ. ಎನ್‌ಎಫ್‌ಎಸ್ಸನ್ನು ಈಗ ಬಿಡಿಸುವ ಅಗತ್ಯವಿಲ್ಲ. ಬೈಂಡ್ ಮೌಂಟ್ ಬಳಸಿ ಸರ್ವರಿನ ಮೂಲ ಕಡತ ವ್ಯವಸ್ಥೆಯನ್ನು ಇನ್ನೊಂದು ಡೈರೆಕ್ಟರಿಯಲ್ಲಿ ತೋರುವಂತೆ ಮಾಡಿ. ಆ ನೋಟದಲ್ಲಿ ಮೇಲಿನ ಮೌಂಟ್‌ಗಳು ಇರುವುದಿಲ್ಲ, ಆದ್ದರಿಂದ ಅದೇ ದಾರಿಯಲ್ಲಿ ಒಳಗೆ ಹೋದರೆ ನಿಮ್ಮ 41 ಚೀಟಿಗಳ ಡೇಟಾಬೇಸ್ ಕಾಣುತ್ತದೆ. ಅದನ್ನೂ ನಕಲು ಮಾಡಿಕೊಂಡು, ಮಧ್ಯಾಹ್ನದ ಡೇಟಾಬೇಸ್ ಎಂದು ತಿಳಿಯುವಂಥ ಹೆಸರಿಡಿ.

ಇವೆರಡೂ ನಕಲು ಕೈಗೆ ಬಂದ ಮೇಲೆ, ಅದೇ ಆವೃತ್ತಿಯ ಇಮೇಜಿನಿಂದ, ಆ್ಯಪ್ ಸಂಪರ್ಕಿಸಲಾಗದ ಬೇರೆ ಪೋರ್ಟಿನಲ್ಲಿ, ಹಳೆಯ ಡೇಟಾಬೇಸನ್ನು ಎಬ್ಬಿಸಿ ಲಾಗ್ ನೋಡುತ್ತ ಕುಳಿತುಕೊಳ್ಳಿ. ಸರಿಯಾಗಿ ಮುಚ್ಚಿರಲಿಲ್ಲ, ಚೇತರಿಕೆ ನಡೆಯುತ್ತಿದೆ ಎಂಬ ಸಾಲು ಬರುತ್ತದೆ. ಅದು ಬರಲೇಬೇಕಾದ ಸಾಲು, ಅದಕ್ಕೆ ಹೆದರಿ ನಡುವೆ ನಿಲ್ಲಿಸಬೇಡಿ. ವಾಲ್ ಓದುವುದು ಮುಗಿದು ಸಂಪರ್ಕಗಳಿಗೆ ಸಿದ್ಧ ಎಂಬ ಸಾಲು ಬಂದ ಮೇಲೆ ಪೂರ್ಣ ಡಂಪ್ ಒಂದನ್ನು, ಅಂದರೆ ಎಲ್ಲ ದಾಖಲೆಗಳ ರಫ್ತು ಪ್ರತಿಯನ್ನು, ತೆಗೆಯಿರಿ. ಡಂಪ್ ಪ್ರತಿಯೊಂದು ಕೋಷ್ಟಕದ ಪ್ರತಿಯೊಂದು ಸಾಲನ್ನೂ ಓದುವುದರಿಂದ ಕೆಟ್ಟ ಪುಟವಿದ್ದರೆ ಬಹುಪಾಲು ಅಲ್ಲಿ ಸಿಕ್ಕಿಬೀಳುತ್ತದೆ. ಆದರೆ ಡಂಪ್ ಸೂಚಿಗಳನ್ನು, ಅಂದರೆ ಹುಡುಕಾಟದ ಇಂಡೆಕ್ಸ್‌ಗಳನ್ನು, ಪರೀಕ್ಷಿಸುವುದಿಲ್ಲ, ಅದಕ್ಕೆ 14ನೇ ಆವೃತ್ತಿಯಿಂದ ಪಿಜಿ ಎಎಂಚೆಕ್ ಎಂಬ ಉಪಕರಣವಿದೆ.

ಕೊಪ್ಪಳ_ಉಪನ್ಯಾಸಕ · ರಾತ್ರಿ 8:02

ಈ ಚರ್ಚೆಯನ್ನು ಆರಂಭದಿಂದ ಓದುತ್ತಿದ್ದೇನೆ. ಮೇಡಂ ಅವರು ಮೊದಲು ಕಾಟಾವನ್ನು ಬಿಡಿಸಿ ಎಂದದ್ದನ್ನು ಓದಿದಾಗ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಉಳಿದ ಗೇಟುಗಳನ್ನೂ ತೆರೆದು ಕಟ್ಟೆಯ ಮೇಲಿನ ಒತ್ತಡ ಇಳಿಸಿದ್ದು ನೆನಪಾಯಿತು. ನಾಳೆ ವಿದ್ಯಾರ್ಥಿಗಳಿಗೆ ಇದನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ನನ್ನದೊಂದು ಪ್ರಶ್ನೆ. ನಮ್ಮ ಪ್ರಯೋಗಾಲಯದಲ್ಲಿ ಮರಿಯಾಡಿಬಿ ಎಂಬ ಡೇಟಾಬೇಸ್ ಇದೆ, ಅದರ ಡಿಸ್ಕು ಐಸ್ಕಸಿ (ಜಾಲದ ಮೂಲಕ ಡಿಸ್ಕನ್ನೇ ಒದಗಿಸುವ ವಿಧಾನ) ಮೂಲಕ ಬರುತ್ತದೆ, ಕಡತ ವ್ಯವಸ್ಥೆ ಇಎಕ್ಸ್‌ಟಿ4. ಅಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆಯೇ?

ರಾಯಚೂರು_ಡಿಬಿಎ · ರಾತ್ರಿ 8:20

ಸರ್, ತತ್ವ ಅದೇ, ನಡವಳಿಕೆ ಬೇರೆ. ಐಸ್ಕಸಿಯಲ್ಲಿ ಸಂಪರ್ಕ ಕಡಿದರೆ ಲಿನಕ್ಸ್ ಸಾಮಾನ್ಯ ಸಂರಚನೆಯಲ್ಲಿ 120 ಸೆಕೆಂಡು ಕಾಯುತ್ತದೆ, ಅಷ್ಟರಲ್ಲಿ ಮರಳದಿದ್ದರೆ ದೋಷವನ್ನು ಮೇಲಕ್ಕೆ ಕಳಿಸುತ್ತದೆ. ಹಲವು ಸ್ಥಾಪನೆಗಳಲ್ಲಿ ಇಎಕ್ಸ್‌ಟಿ4 ಆಗ ತನ್ನನ್ನು ಓದಲು ಮಾತ್ರ ಎಂಬ ಸ್ಥಿತಿಗೆ ಬದಲಿಸಿಕೊಳ್ಳುತ್ತದೆ. ಡಿಸ್ಕು ಮರಳಿ ಬಂದ ಕೂಡಲೇ ಬರೆಯುವ ಸ್ಥಿತಿಗೆ ಬಲವಂತವಾಗಿ ತಿರುಗಿಸಬೇಡಿ. ಡೇಟಾಬೇಸ್ ನಿಲ್ಲಿಸಿ, ಕಡತ ವ್ಯವಸ್ಥೆಯನ್ನು ಬಿಡಿಸಿ, ಸಾಧ್ಯವಾದರೆ ಡಿಸ್ಕಿನ ನಕಲು ತೆಗೆದು, ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿ, ಆಮೇಲೆ ಜೋಡಿಸಿ. ಅಲ್ಲಿಂದ ಮುಂದೆ ಮರಿಯಾಡಿಬಿಯ ಸಂಗ್ರಹ ಎಂಜಿನ್ ಆದ ಇನ್ನೊಡಿಬಿ, ವಾಲ್‌ನಂಥದ್ದೇ ಆದ ತನ್ನ ರೀಡೂ ದಾಖಲೆಯಿಂದ ತಾನೇ ಚೇತರಿಸಿಕೊಳ್ಳುತ್ತದೆ. ಏಳದಿದ್ದರೆ ಇನ್ನೊಡಿಬಿ ಫೋರ್ಸ್ ರಿಕವರಿ ಎಂಬ ಆಯ್ಕೆಯನ್ನು 1ರಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಏರಿಸಿ, ತೆರೆದ ಕೂಡಲೇ ಡಂಪ್ ತೆಗೆದುಕೊಳ್ಳಬೇಕು. 4 ಮತ್ತು ಅದಕ್ಕಿಂತ ಮೇಲಿನ ಹಂತಗಳು ದತ್ತಾಂಶವನ್ನು ಶಾಶ್ವತವಾಗಿ ಕೆಡಿಸಬಲ್ಲವು, ಅವನ್ನು ನಕಲಿನ ಮೇಲೆ ಮಾತ್ರ ಪ್ರಯೋಗಿಸಿ.

ಗಂಗಾವತಿ_ಗಿರಣಿ_ಲೆಕ್ಕ · ರಾತ್ರಿ 10:50

ಹಳೆಯ ಡೇಟಾಬೇಸ್ ಎದ್ದಿತು. ಚೇತರಿಕೆಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಡಂಪ್ ದೋಷವಿಲ್ಲದೆ ಮುಗಿಯಿತು, ಸೂಚಿಗಳ ಪರೀಕ್ಷೆಯೂ ಸರಿಯಾಗಿ ಬಂತು. ಕೊನೆಯ ನಮೂದು ಮಧ್ಯಾಹ್ನ 1:27ರದು. ಆ ಚೀಟಿಯ ಕಾಗದದ ಪ್ರತಿ ನಮ್ಮ ಬಳಿ ಇದೆ, ತೂಕ ಅಕ್ಷರಶಃ ಹೊಂದುತ್ತದೆ. ಮೇಡಂ, ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಬೈಂಡ್ ಮೌಂಟ್ ಮಾಡಿದಾಗ ಮಧ್ಯಾಹ್ನದ ಡೇಟಾಬೇಸೂ ಸಿಕ್ಕಿತು. ಆದರೆ ಎರಡನ್ನು ಸೇರಿಸುವುದು ನಾನು ಭಾವಿಸಿದ್ದಷ್ಟು ಸುಲಭವಾಗಿಲ್ಲ. ಭತ್ತದ ಲಾರಿ ಎರಡು ಸಲ ಕಾಟಾ ಹತ್ತುತ್ತದೆ: ತುಂಬಿ ಬಂದಾಗ ಒಮ್ಮೆ, ಹಮಾಲರು ಇಳಿಸಿದ ಮೇಲೆ ಖಾಲಿಯಾಗಿ ಇನ್ನೊಮ್ಮೆ. ಐದು ಲಾರಿಗಳ ತುಂಬಿದ ತೂಕ ಹಳೆಯ ಡೇಟಾಬೇಸಿನಲ್ಲಿದೆ, ಖಾಲಿ ತೂಕ ಹೊಸದರಲ್ಲಿದೆ. ಹೊಸದಕ್ಕೆ ಆ ಲಾರಿ ಮೊದಲೇ ಬಂದದ್ದು ಗೊತ್ತಿಲ್ಲದ ಕಾರಣ ಖಾಲಿ ತೂಕವನ್ನೇ ತುಂಬಿದ ತೂಕವೆಂದು ಬರೆದುಕೊಂಡಿದೆ. ಉದಾಹರಣೆಗೆ ಒಂದು ಲಾರಿ 1:10ಕ್ಕೆ 24,360 ಕೆ.ಜಿ. ತೂಗಿದೆ, ಹೊಸ ಚೀಟಿ 7ರಲ್ಲಿ ಅದೇ ಲಾರಿ 8,910 ಕೆ.ಜಿ. ಎಂದಿದೆ. ನಿಜವಾದ ನಿವ್ವಳ 15,450 ಕೆ.ಜಿ., ನಮ್ಮ ಕಡೆಯ 75 ಕೆ.ಜಿ. ಚೀಲದ ಲೆಕ್ಕದಲ್ಲಿ 206 ಚೀಲ. ಇದನ್ನು ಹಾಗೆಯೇ ಸೇರಿಸಿಬಿಟ್ಟರೆ ರೈತರಿಗೆ ಹಣದ ಪಟ್ಟಿ ತಪ್ಪಾಗಿ ಹೋಗುತ್ತದೆ.

ರಾಯಚೂರು_ಡಿಬಿಎ · ರಾತ್ರಿ 11:14

ಇದನ್ನು ನೀವು ಗಮನಿಸಿದ್ದು ಬಹಳ ಒಳ್ಳೆಯದಾಯಿತು, ಸರ್. ದತ್ತಾಂಶದ ಅರ್ಥ ಗೊತ್ತಿರುವವರು ಮಾತ್ರ ಹಿಡಿಯಬಹುದಾದ ತಪ್ಪು ಇದು. ನಾನೊಬ್ಬಳೇ ಕುಳಿತು ಸೇರಿಸಿದ್ದರೆ ನನಗೆ ಕಾಣುತ್ತಿರಲಿಲ್ಲ.

ಆ 41 ಸಾಲುಗಳನ್ನು ನೇರವಾಗಿ ಮುಖ್ಯ ಕೋಷ್ಟಕಕ್ಕೆ ಹಾಕಬೇಡಿ. ಹಳೆಯ ಡೇಟಾಬೇಸಿನಲ್ಲಿ ಪ್ರತ್ಯೇಕ ಸ್ಕೀಮಾ (ಕೋಷ್ಟಕಗಳ ಗುಂಪು) ಒಂದನ್ನು ಮಾಡಿ ಅಲ್ಲಿಗೆ ತುಂಬಿಸಿ. ಲಾರಿ ಸಂಖ್ಯೆ ಹಾಗೂ ಸಮಯದ ಮೇಲೆ ಹೋಲಿಸಿ, ಹಳೆಯದರಲ್ಲಿ ಒಂದೇ ತೂಕವಾಗಿ ಉಳಿದಿರುವ ಲಾರಿಗಳನ್ನು ಮೊದಲು ಜೋಡಿಸಿ. ಆ ಐದನ್ನು ಹೊಸ ಸಾಲಾಗಿ ಸೇರಿಸದೆ ಹಳೆಯ ಸಾಲಿನ ಖಾಲಿ ತೂಕವಾಗಿ ಬರೆಯಿರಿ. ರೈತರ ಗುರುತಿನ ಸಂಖ್ಯೆಗಳು ಎರಡರಲ್ಲೂ 1ರಿಂದಲೇ ಆರಂಭವಾಗಿರುವುದರಿಂದ ಸಂಖ್ಯೆಯನ್ನು ನಂಬಬೇಡಿ. ಹೆಸರು, ಊರು, ಮೊಬೈಲ್ ಮೂರನ್ನೂ ನೋಡಿ ಹೊಂದಿಸಿ, ಅನುಮಾನವಿದ್ದಲ್ಲಿ ಫೋನ್ ಮಾಡಿ ಕೇಳಿ. ಉಳಿದ ಸಾಲುಗಳಿಗೆ ಹಳೆಯ ಸರಣಿಯ ಮುಂದಿನ ಸಂಖ್ಯೆಗಳನ್ನು ಕೊಟ್ಟು, ರೈತರ ಕೈಯಲ್ಲಿರುವ ಮುದ್ರಿತ ಸಂಖ್ಯೆಯನ್ನು ಷರಾ ಅಂಕಣದಲ್ಲಿ ಉಳಿಸಿ, ಏಕೆಂದರೆ ಅವರು ಹಣ ಕೇಳಲು ಬರುವುದು ಆ ಚೀಟಿ ಹಿಡಿದುಕೊಂಡೇ. ಕೊನೆಗೆ ಚೀಟಿ ಸಂಖ್ಯೆ ಕೊಡುವ ಸೀಕ್ವೆನ್ಸನ್ನು ಮುಂದಕ್ಕೆ ಸರಿಸಲು ಮರೆಯಬೇಡಿ. ಇಡೀ ಕೆಲಸವನ್ನು ಒಂದೇ ವ್ಯವಹಾರದೊಳಗೆ (ಟ್ರಾನ್ಸ್ಯಾಕ್ಷನ್ನಿನೊಳಗೆ) ಮಾಡಿ, ಎಣಿಕೆ ಮತ್ತು ನಿವ್ವಳ ತೂಕದ ಮೊತ್ತ ಕಾಗದದೊಂದಿಗೆ ಹೊಂದಿದರೆ ಮಾತ್ರ ಕಮಿಟ್ ಕೊಟ್ಟು ಖಾಯಂ ಮಾಡಿ.

ಬಳ್ಳಾರಿ_ಜೀನ್ಸ್_ಐಟಿ · ರಾತ್ರಿ 11:30

ಮೇಡಂ, ನನ್ನ ಮೊದಲ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಘಟಕದ ಸರ್ವರಿನಲ್ಲಿ ಸಾಫ್ಟ್ ಮೌಂಟ್ ಇತ್ತು, ಈಗಷ್ಟೇ ಡೇಟಾಬೇಸನ್ನು ಸರಿಯಾಗಿ ಮುಚ್ಚಿ ಹಾರ್ಡ್‌ಗೆ ಬದಲಿಸಿದೆ. ಮೌಂಟ್ ಆಗದಿದ್ದರೆ ಕಂಟೇನರ್ ಏಳಲೇಬಾರದು ಎಂದು ಮಾಡುವ ದಾರಿ ಯಾವುದು?

ರಾಯಚೂರು_ಡಿಬಿಎ · ರಾತ್ರಿ 11:47

ಸಂಜೆ ನೀವು ಪಿಐಡಿ ಕಡತದ ಆ ಪ್ರಶ್ನೆ ಕೇಳದಿದ್ದರೆ ಇಷ್ಟೆಲ್ಲ ವಿವರ ಇಲ್ಲಿ ಬರುತ್ತಿರಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಸರ್ವರಿನ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಯಲ್ಲಿ ಈ ಮೌಂಟ್ ಇಲ್ಲದೆ ಈ ಸೇವೆ ಆರಂಭವಾಗಬಾರದು ಎಂದು ಬರೆಯುವ ಸೌಲಭ್ಯವಿದೆ, ಡಾಕರ್ ಸೇವೆಗೆ ಅದನ್ನು ಸೇರಿಸಿ. ಕಂಟೇನರುಗಳ ಸಂರಚನೆಯಿರುವ ಕಂಪೋಸ್ ಕಡತದಲ್ಲಿ ಡೈರೆಕ್ಟರಿ ಇಲ್ಲದಿದ್ದರೆ ತಾನೇ ಸೃಷ್ಟಿಸುವ ನಡವಳಿಕೆಯನ್ನು ನಿಲ್ಲಿಸಿ, ಡೇಟಾವನ್ನು ಮೌಂಟ್ ಪಾಯಿಂಟಿನ ಒಳಗಿನ ಉಪಡೈರೆಕ್ಟರಿಯಲ್ಲಿಡಿ; ಆಗ ಮೌಂಟ್ ಆಗದಿದ್ದರೆ ಆ ಉಪಡೈರೆಕ್ಟರಿಯೇ ಇರುವುದಿಲ್ಲ, ಕಂಟೇನರ್ ದೋಷ ತೋರಿಸಿ ನಿಲ್ಲುತ್ತದೆ. ನಾನು ಇನ್ನೂ ಒಂದು ಬೀಗ ಹಾಕುತ್ತೇನೆ: ಮೌಂಟ್ ಬಿಡಿಸಿದಾಗ ಕೆಳಗಿನ ಖಾಲಿ ಡೈರೆಕ್ಟರಿಗೆ ಚಾಟ್ರ್ ಆದೇಶದಿಂದ ಬದಲಾಗದ ಗುಣ ಕೊಡುತ್ತೇನೆ. ಅದರ ಮೇಲೆ ಮೌಂಟ್ ಮಾಡಬಹುದು, ಆದರೆ ಅದರೊಳಗೆ ರೂಟ್ ಕೂಡ ಒಂದು ಕಡತ ಹುಟ್ಟಿಸಲಾರ.

ನನ್ನನ್ನು ಕೇಳಿದರೆ ಇಂಥ ಚಿಕ್ಕ ವ್ಯವಸ್ಥೆಗೆ ಡೇಟಾಬೇಸ್ ಸರ್ವರಿನದೇ ಎಸ್‌ಎಸ್‌ಡಿಯಲ್ಲಿ, ಜೋಡಿ ಡಿಸ್ಕಿನಲ್ಲಿ, ಇರಬೇಕು. ನಾಸ್‌ಗೆ ಬ್ಯಾಕಪ್ ಮತ್ತು ವಾಲ್ ಸಂಗ್ರಹ ಹೋಗಲಿ. ಆಗ ನಡುವಿನ ಸ್ವಿಚ್ ಸತ್ತರೆ ಬ್ಯಾಕಪ್ ತಡವಾಗುತ್ತದೆ, ಕಾಟಾ ನಿಲ್ಲುವುದಿಲ್ಲ.

ಗಂಗಾವತಿ_ಗಿರಣಿ_ಲೆಕ್ಕ · ಮರುದಿನ ಬೆಳಿಗ್ಗೆ 9:20

ಎಲ್ಲರಿಗೂ ತಿಳಿಸುವುದು. ರಾತ್ರಿ ಎರಡು ಗಂಟೆಗೆ ಸೇರಿಸುವ ಕೆಲಸ ಮುಗಿಯಿತು. 41ರಲ್ಲಿ ಐದು ಹಳೆಯ ಸಾಲುಗಳಿಗೆ ಖಾಲಿ ತೂಕವಾಗಿ ಸೇರಿದವು, ಉಳಿದ 36ಕ್ಕೆ ಹೊಸ ಸಂಖ್ಯೆ ಕೊಟ್ಟೆವು. ಮೊದಲ ಸಲ ಮೊತ್ತ ಹೊಂದಲಿಲ್ಲ. ಕಾರಟಗಿಯ ಒಂದೇ ಹೆಸರಿನ ಇಬ್ಬರು ರೈತರನ್ನು ಒಬ್ಬರೆಂದು ಹೊಂದಿಸಿ ಒಂದು ಸಾಲನ್ನು ಬಿಟ್ಟಿದ್ದೆ. ಕಮಿಟ್ ಕೊಡದೆ ಹಿಂತಿರುಗಿ, ಮೊಬೈಲ್ ಸಂಖ್ಯೆ ನೋಡಿ ಸರಿಪಡಿಸಿದ ಮೇಲೆ ಕಿಲೋ ಕಿಲೋ ಹೊಂದಿತು. ಪುಸ್ತಕದಲ್ಲಿ ಕೈಯಿಂದ ಬರೆದ ಸಂಜೆಯ ನಮೂದುಗಳನ್ನು ಕಾಟಾದ ಹುಡುಗನೇ ಬೆಳಿಗ್ಗೆ ಕುಳಿತು ತುಂಬಿಸಿದ್ದಾನೆ. ಮೊದಲ ಚೀಟಿಯ ಸಂಖ್ಯೆ ನೋಡಿ ಬರೆಯುವುದನ್ನು ಬಿಟ್ಟು ನನ್ನ ಬಳಿ ಓಡಿಬಂದವನೂ ಅವನೇ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಸ್ವಿಚ್ಚಿನ ಅಡಾಪ್ಟರ್ ಈಗ ಯುಪಿಎಸ್‌ನಲ್ಲಿದೆ. ಎಸ್‌ಎಸ್‌ಡಿ ಜೋಡಿಗೆ ಮಾಲೀಕರು ಒಪ್ಪಿದ್ದಾರೆ, ಭಾನುವಾರ ಕಾಟಾ ಬಿಡುವಿರುವಾಗ ಡೇಟಾಬೇಸನ್ನು ಸ್ಥಳಾಂತರಿಸುತ್ತೇನೆ. ಆವರೆಗೆ ಎಂಟಿಯು 1500ರಲ್ಲಿಯೇ ಇರುತ್ತದೆ. ಸ್ಥಳಾಂತರಕ್ಕೆ ಮೊದಲು ನನ್ನ ಕ್ರಮವನ್ನು ಇಲ್ಲಿಯೇ ಬರೆಯುತ್ತೇನೆ, ಮೇಡಂ, ದಯವಿಟ್ಟು ಒಮ್ಮೆ ನೋಡಿ ಹೇಳಬೇಕು.

ರಾಯಚೂರು_ಡಿಬಿಎ · ಮರುದಿನ ಬೆಳಿಗ್ಗೆ 9:41

ಖಂಡಿತ ನೋಡುತ್ತೇನೆ, ಸರ್. ಶನಿವಾರ ಸಂಜೆಯೊಳಗೆ ಬರೆಯಿರಿ. ಮಧ್ಯಾಹ್ನದ ಡೇಟಾಬೇಸಿನ ನಕಲನ್ನು ಈ ಹಂಗಾಮಿನ ಪಾವತಿಗಳೆಲ್ಲ ಮುಗಿಯುವವರೆಗೆ ಅಳಿಸಬೇಡಿ.